ಜಾಗಟೆ ಹಿಡಿದವರು ಅರ್ಥ ಹೇಳಬಹುದೇ?

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದ ತಿಂಗಳ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಮೂವತ್ತೊಂದು ವರ್ಷ ನಾನು ವಕೀಲ ಗುಮಾಸ್ತನಾಗಿದ್ದೆ. ಇಷ್ಟು ವರ್ಷದಲ್ಲಿ ಜಡ್ಜ್ ಸುತ್ತಿಗೆ ಬಡಿದು ‘ಆರ್ಡರ್, ಆರ್ಡರ್’ ಅಂದದ್ದನ್ನು ಒಮ್ಮೆಯೂ ನೋಡಿಲ್ಲ. ಮೇಜಿನ ಮೇಲೆ ಸುತ್ತಿಗೆಯೇ ಇರಲಿಲ್ಲ. ಗೀತೆಯ ಮೇಲೆ ಕೈ ಇಡಿಸಿ ಪ್ರಮಾಣ ಮಾಡಿಸಿದ್ದನ್ನೂ ನೋಡಿಲ್ಲ. 1969ರ ಪ್ರಮಾಣ ಕಾಯಿದೆಯಲ್ಲಿ ಪುಸ್ತಕದ ಮಾತೇ ಇಲ್ಲ. ದೇವರ ಹೆಸರಲ್ಲಿ ಹೇಳಬಹುದು, ದೇವರು ಬೇಡ ಅನ್ನುವವರು ಸುಮ್ನೆ ದೃಢೀಕರಿಸಬಹುದು, ಅಷ್ಟೇ. ಆದರೂ ಕೋರ್ಟ್ ಅಂದ ಕೂಡಲೇ ನಿಮಗೆಲ್ಲ ಸುತ್ತಿಗೆ ಕಾಣುತ್ತದೆ, ಕೆಂಪು ಬಟ್ಟೆ ಸುತ್ತಿದ ಗೀತೆ ಕಾಣುತ್ತದೆ. ಸಿನಿಮಾದವರು ಕೊಟ್ಟದ್ದು ಅದು. ಇಂಗ್ಲೆಂಡಿನ ಜಡ್ಜ್‌ಗಳೂ ಸುತ್ತಿಗೆ ಬಡಿಯುವುದಿಲ್ಲವಂತೆ. ಅಲ್ಲಿನವರಿಗೂ ಅದು ಟಿವಿಯಿಂದಲೇ ಬಂದ ಭ್ರಮೆ.

ಇವತ್ತಿನ ವಿಷಯ ಒಂದು ಇಂಗ್ಲಿಷ್ ಧಾರಾವಾಹಿ. ಹೆಸರು ‘ಜಡ್ಜ್ ಜಾನ್ ಡೀಡ್’. ಬಿಬಿಸಿಯಲ್ಲಿ 2001ರಿಂದ 2007ರವರೆಗೆ ಬಂದದ್ದು. ನಿವೃತ್ತಿಯಾದ ಮೇಲೆ ಮಗಳ ಮನೆಗೆ ಹೋಗಿದ್ದಾಗ ಅಳಿಯ ಹಾಕಿ ಕೊಟ್ಟ. ‘ಮಾವ, ನಿಮ್ಮ ಲೈನಿನದ್ದೇ’ ಅಂದ. ಒಂದೊಂದು ಕಂತೂ ಸುಮಾರು ಒಂದೂವರೆ ಗಂಟೆ. ಮೂರು ವಾರದಲ್ಲಿ ಮುಗಿಸಿಬಿಟ್ಟೆ. ಮಗಳು ಬೈದಳು ಕೂಡ.

ಬರೆದವರು ಜಿ.ಎಫ್. ನ್ಯೂಮನ್. ಅವರು 1978ರಲ್ಲಿಯೇ ಪೊಲೀಸರ, ವಕೀಲರ, ಜೈಲಿನ ಹುಳುಕು ತೋರಿಸಿ ದೊಡ್ಡ ಗಲಾಟೆ ಎಬ್ಬಿಸಿದವರು. ಡೀಡ್ ಪಾತ್ರ ಮಾರ್ಟಿನ್ ಶಾ ಅವರದ್ದು. ಡೀಡ್ ಹೈಕೋರ್ಟ್ ಜಡ್ಜ್, ‘ಸರ್’ ಪದವಿ ಇದೆ. ಆದರೆ ಹುಟ್ಟಿದ್ದು ಬ್ರೆಡ್ ಮಾಡುವವನ ಮನೆಯಲ್ಲಿ. ಮಾವ ಮಾತ್ರ ದೊಡ್ಡ ಜಡ್ಜ್. ಬಿಟ್ಟು ಹೋದ ಹೆಂಡತಿ ವಕೀಲೆ, ಪ್ರೀತಿಸುವ ಹೆಂಗಸೂ ವಕೀಲೆ. ಮಗಳೂ ಕಾನೂನು ಓದುತ್ತಾಳೆ. ಮನೆ ತುಂಬ ಕಪ್ಪು ಕೋಟು ಅನ್ನಿ.

ಈತ ಮಾಡುವುದೇನು? ಎರಡೂ ಕಡೆಯ ವಕೀಲರು ಹೊರಗೆ ಮಾತಾಡಿ ಕೇಸು ಮುಗಿಸಿಕೊಂಡು ಬಂದರೆ ಒಪ್ಪುವುದಿಲ್ಲ. ಸಾಕ್ಷಿಯನ್ನು ತಾನೇ ಕೇಳುತ್ತಾನೆ. ದೊಡ್ಡ ಕಂಪನಿ ಕಾಗದ ಅಡಗಿಸಿದೆ ಅನ್ನಿಸಿದರೆ ತರಿಸುತ್ತಾನೆ. ಮೇಲಿನ ಅಧಿಕಾರಿಗಳು ‘ಈ ಕೇಸು ನಿಮಗೆ ಬೇಡ’ ಅಂದರೆ ಅದನ್ನೇ ಹಿಡಿದು ಕೂರುತ್ತಾನೆ. ಸಂಜೆ ಊಟಕ್ಕೆ ಕರೆದು ಮೆತ್ತಗೆ ಹೇಳಿದರೂ ಬಗ್ಗುವುದಿಲ್ಲ.

ನನಗೆ ಇದು ಹೊಸದಾಗಿ ಕಂಡಿತು. ಯಾಕೆಂದರೆ ನಮ್ಮ ಕನ್ನಡದ ಕೋರ್ಟ್ ಧಾರಾವಾಹಿಗಳಲ್ಲಿ ಹೀರೋ ಯಾವತ್ತೂ ವಕೀಲ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟ್ ದೃಶ್ಯ ನೋಡಲು ಇಲ್ಲಿಯ ಎಷ್ಟೋ ಮನೆಯಲ್ಲಿ ರಾತ್ರಿ ಊಟ ತಡವಾಗುತ್ತಿತ್ತು. ಅವರೇ ಕಪ್ಪು ಕೋಟು ಹಾಕಿ ನಿಂತು ಪಾಟೀಸವಾಲು ಮಾಡುವಾಗ ಜಡ್ಜ್ ಯಾರು ಅಂತ ಯಾರಾದರೂ ನೋಡಿದ್ದುಂಟೇ? ಜಡ್ಜ್ ಅಂದರೆ ಮೇಲೆ ಕೂತು ಎರಡು ಶಬ್ದ ಹೇಳುವ ಪಾತ್ರ. ಡೀಡ್ ಕಥೆಯಲ್ಲಿ ಕ್ಯಾಮೆರಾ ಮೇಲಿನ ಕುರ್ಚಿಗೇ ಹೋಗಿ ನಿಂತಿತು.

ಇದನ್ನು ನಮ್ಮ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಇಟ್ಟು ನೋಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನೀವು, ನಿಮಗೆ ಹೇಳಿಕೊಡಬೇಕಾಗಿಲ್ಲ. ವಾಲಿವಧೆ ಇಟ್ಟುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದವರು ಈ ಸಭೆಯಲ್ಲಿ ಇದ್ದೀರಿ. ಅವರ ವಾಲಿ ಮಾತಿಗೆ ನಿಂತರೆ ರಾಮನ ಪರವಾಗಿ ಬಂದವರೂ ಒಂದು ಗಳಿಗೆ ಪಕ್ಷ ಬದಲಿಸುತ್ತಿದ್ದರು. ಅದು ಕೋರ್ಟೇ. ವಾದಿ, ಪ್ರತಿವಾದಿ, ಎದುರಿಗೆ ನಾವು ಜನ. ಹಾಗಾದರೆ ಜಡ್ಜ್ ಯಾರು? ಪದ ಹಾಡುವ ಭಾಗವತರು ಅಲ್ವಾ? ಅವರು ಅರ್ಥ, ಅಂದರೆ ಪಾತ್ರದ ಮಾತು, ಹೇಳುವುದಿಲ್ಲ. ವಾಲಿಯದ್ದು ಸರಿ, ರಾಮನದ್ದು ತಪ್ಪು ಅನ್ನುವುದಿಲ್ಲ. ಆದರೆ ಮಾತು ಹಳ್ಳಕ್ಕೆ ಹೋಯಿತು ಅಂತ ಕಂಡರೆ ಜಾಗಟೆಗೆ ಒಂದು ಪೆಟ್ಟು, ಮುಂದಿನ ಪದ ಎತ್ತಿದರು, ಮುಗಿಯಿತು. ಎಂಥ ದೊಡ್ಡ ಅರ್ಥಧಾರಿಯೂ ಬಾಯಿ ಮುಚ್ಚಲೇಬೇಕು.

ಡೀಡ್ ಅಂದರೆ ಜಾಗಟೆ ಕೆಳಗಿಟ್ಟು ತಾನೇ ಅರ್ಥ ಹೇಳಲು ಶುರು ಮಾಡಿದ ಭಾಗವತ. ಕೇಳಲು ಮಜಾ ಇದೆ. ಆದರೆ ಆಮೇಲೆ ರಾಮನಿಗೂ ವಾಲಿಗೂ ಉಳಿಯುವುದೇನು?

ಇದು ಸುಮ್ನೆ ಹೇಳಿದ ಹೋಲಿಕೆಯಲ್ಲ. ಇಂಗ್ಲೆಂಡಿನಲ್ಲಿ ಇದೇ ಮಾತು ನಿಜವಾದ ಕೇಸಿನಲ್ಲಿ ಬಂದಿದೆ. 1957ರ ತೀರ್ಪು. ಕಲ್ಲಿದ್ದಲ ಗಣಿಯಲ್ಲಿ ಮಾಡು ಕುಸಿದು ಒಬ್ಬ ಕೆಲಸಗಾರ ಸತ್ತ. ಅವನ ಹೆಂಡತಿ, ಜೋನ್ಸ್ ಅಂತ, ಕಲ್ಲಿದ್ದಲ ಮಂಡಳಿಯ ಮೇಲೆ ನಂಬ್ರ ಹಾಕಿದಳು. ಸೋತಳು. ಅಪೀಲಿಗೆ ಹೋದಾಗ ಅವಳ ದೂರು ಏನು ಗೊತ್ತೇ? ಜಡ್ಜ್ ತಾವೇ ಪ್ರಶ್ನೆ ಕೇಳುತ್ತಾ ಹೋದರು, ನನ್ನ ವಕೀಲರಿಗೆ ಕೇಸು ನಡೆಸಲು ಬಿಡಲಿಲ್ಲ ಅಂತ. ಗೆದ್ದ ಮಂಡಳಿಯೂ ಅದನ್ನೇ ಹೇಳಿತು! ಅಪೀಲು ಕೋರ್ಟ್ ಕೇಸನ್ನು ಮತ್ತೆ ಮೊದಲಿನಿಂದ ನಡೆಸಲು ಹೇಳಿತು. ಜಡ್ಜ್‌ಗೆ ಕೆಟ್ಟ ಉದ್ದೇಶ ಇರಲಿಲ್ಲ ಅಂತಲೂ ಹೇಳಿತು. ಸತ್ಯ ಹುಡುಕುವ ಉತ್ಸಾಹವೇ ಜಾಸ್ತಿಯಾದದ್ದು.

ಆ ತೀರ್ಪಿನಲ್ಲಿ ಹಳೆಯ ಫ್ರಾನ್ಸಿಸ್ ಬೇಕನ್‌ನ ಒಂದು ಮಾತು ಬರುತ್ತದೆ. ಅತಿಯಾಗಿ ಮಾತಾಡುವ ಜಡ್ಜ್ ಶ್ರುತಿಗೂಡಿದ ತಾಳವಲ್ಲ ಅಂತ ಅದರ ಅರ್ಥ. ತಾಳ! ನಾನು ಓದಿ ನಕ್ಕುಬಿಟ್ಟೆ. ನಾನೂರು ವರ್ಷದ ಹಿಂದಿನ ಇಂಗ್ಲಿಷಿನವನಿಗೂ ಅದೇ ತೋಚಿದೆ ನೋಡಿ.

ಇನ್ನೂ ಸ್ವಾರಸ್ಯ ಏನೆಂದರೆ, ಆ ತೀರ್ಪು ಬರೆದದ್ದು ಲಾರ್ಡ್ ಡೆನಿಂಗ್. ಅಲ್ಲಿನ ಜಡ್ಜ್‌ಗಳಲ್ಲಿ ಎಲ್ಲರಿಗಿಂತ ಹಟಮಾರಿ ಅಂತ ಹೆಸರಾದವರೇ ಅವರು. ಬಟ್ಟೆ ವ್ಯಾಪಾರಿಯ ಮಗ. ಹಳೆಯ ತೀರ್ಪು ಅನ್ಯಾಯ ಅಂತ ಕಂಡರೆ ಬದಿಗೆ ಸರಿಸಿ ಮುಂದೆ ಹೋಗುತ್ತಿದ್ದರು. ಮೇಲಿನವರು ಎಷ್ಟೋ ಸಲ ಅವರ ತೀರ್ಪನ್ನು ತಿರುಗಿಸಿದರು. 1982ರಲ್ಲಿ, 83ನೇ ವಯಸ್ಸಿನಲ್ಲಿ ನಿವೃತ್ತರಾದರು. ಅಂಥವರೂ ಸಾಕ್ಷಿಯ ಕಟಕಟೆಯ ವಿಷಯದಲ್ಲಿ ಮಾತ್ರ ಜಡ್ಜ್ ಬಾಯಿ ಬಿಗಿ ಹಿಡಿಯಬೇಕು ಅಂದರು. ಧಾರಾವಾಹಿಯ ಡೀಡ್‌ಗೆ ಈ ಅರ್ಧ ಸಿಗಲಿಲ್ಲ.

ನಮ್ಮ ದೇಶದ ಕಾನೂನು ಸ್ವಲ್ಪ ಬೇರೆ. ಇಲ್ಲಿ ಜಡ್ಜ್‌ಗೆ ಸ್ವಾತಂತ್ರ್ಯ ಕೊಟ್ಟಿದ್ದಾರೆ. 1872ರ ಸಾಕ್ಷ್ಯ ಕಾಯಿದೆಯ 165ನೇ ಕಲಂ. ಈಗ ಹೊಸ ಕಾಯಿದೆಯಲ್ಲಿ 168. ಜಡ್ಜ್ ಯಾವ ಸಾಕ್ಷಿಗೂ, ಯಾವಾಗ ಬೇಕಾದರೂ, ಯಾವ ಪ್ರಶ್ನೆಯನ್ನಾದರೂ ಕೇಳಬಹುದು. ಕೇಸಿಗೆ ಸಂಬಂಧ ಇಲ್ಲದ್ದನ್ನೂ ಕೇಳಬಹುದು! ವಕೀಲರು ತಕರಾರು ಮಾಡುವ ಹಾಗಿಲ್ಲ. ತೀರ್ಪು ಮಾತ್ರ ಸಂಬಂಧಪಟ್ಟ, ಸರಿಯಾಗಿ ರುಜುವಾದ ಸಂಗತಿಯ ಮೇಲೆಯೇ ನಿಲ್ಲಬೇಕು. ಹಾಗಾಗಿ ಡೀಡ್ ಲಂಡನ್ನಿನಲ್ಲಿ ಮಾಡಿದರೆ ತಕರಾರು ಏಳುವ ಎಷ್ಟೋ ಪ್ರಶ್ನೆಯನ್ನು ನಮ್ಮ ಮುನ್ಸೀಫರು ಕಾನೂನಿನ ಒಳಗೇ ಕೇಳಬಹುದು.

ಒಂದು ಸಲ ಅದು ಹೇಗಿರುತ್ತದೆ ಅಂತ ಕಣ್ಣಾರೆ ಕಂಡೆ. ಎರಡು ಅಡಿಕೆ ತೋಟದ ನಡುವಿನ ತೋಡಿನ ತಕರಾರು. ತೋಡು ಹಳೆಯದು ಅಂತ ನಮ್ಮವರು. ಮೊನ್ನೆ ಮೊನ್ನೆ ಕಡಿದದ್ದು ಅಂತ ಆಚೆಯವರು. ನಮ್ಮ ಕಡೆಯ ಸಾಕ್ಷಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಆಚೆಯ ವಕೀಲರು ಮಲಯಾಳದಲ್ಲಿ ಕೇಳುತ್ತಾರೆ. ಅದನ್ನು ಕನ್ನಡ ಮಾಡಿ ಹೇಳುತ್ತಾರೆ. ಅಜ್ಜಿ ಉತ್ತರ ಕೊಡುವುದು ತುಳುವಿನಲ್ಲಿ. ಅದು ಮತ್ತೆ ತಿರುಗಿ ಹೋಗಬೇಕು. ‘ಯಾವ ಇಸವಿಯಿಂದ ತೋಡು ಇದೆ?’ ಅಂತ ಪ್ರಶ್ನೆ. ಅಜ್ಜಿಗೆ ಇಸವಿ ಎಲ್ಲಿಂದ ಗೊತ್ತು? ‘ಗೊತ್ತಿಲ್ಲ ಸ್ವಾಮಿ’ ಅಂದರು. ವಕೀಲರಿಗೆ ಅಷ್ಟೇ ಸಾಕು, ಕೂತರು. ನಮ್ಮ ವಕೀಲರ ಮುಖ ಬಾಡಿತು.

ಜಡ್ಜ್ ತೆಂಕಣ ಕೇರಳದವರು. ಕನ್ನಡ ಬಾರದು, ತುಳು ಮೊದಲೇ ಬಾರದು. ಪೆನ್ನು ಕೆಳಗಿಟ್ಟರು. ‘ಅಮ್ಮಾ, ಮದುವೆಯಾಗಿ ಆ ಮನೆಗೆ ಬಂದಾಗ ಬಟ್ಟೆ ಎಲ್ಲಿ ಒಗೆಯುತ್ತಿದ್ದಿರಿ?’ ಅಂತ ಕೇಳಿಸಿದರು. ಅಜ್ಜಿಯ ಮುಖ ಅರಳಿತು. ಆ ತೋಡಿನಲ್ಲಿಯೇ ಅಂದರು. ಮೇಲಿನ ಕಲ್ಲು ಅತ್ತೆಯದ್ದು, ಕೆಳಗಿನ ಕಲ್ಲು ನನ್ನದು, ಅತ್ತೆ ಒಗೆದ ನೀರು ನನ್ನ ಬಟ್ಟೆಗೇ ಬರುತ್ತಿತ್ತು ಅಂದರು. ಇಡೀ ಕೋರ್ಟ್ ನಕ್ಕಿತು. ಜಡ್ಜ್ ನಗಲಿಲ್ಲ, ಬರೆದುಕೊಂಡರು. ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಇನ್ನೊಬ್ಬರ ವಿಷಯವನ್ನೂ ಹೇಳಬೇಕು. ಹೆಸರು ಬೇಡ. ಅವರಿಗೂ ಸತ್ಯದ ಮೇಲೆ ಪ್ರೀತಿ ಇತ್ತು, ತಾಳ್ಮೆ ಇರಲಿಲ್ಲ. ವಕೀಲರು ಎದ್ದು ನಿಲ್ಲುವ ಮೊದಲೇ ಪ್ರಶ್ನೆ ಶುರು. ಒಮ್ಮೆ ನಮ್ಮ ಸಾಕ್ಷಿ, ತೋಟದ ಕೆಲಸದ ಹುಡುಗ, ಕೇಳಿದ್ದಕ್ಕೆಲ್ಲ ‘ಹೌದು ಸ್ವಾಮಿ’ ಅಂದ. ನಮಗೆ ಅನುಕೂಲವಾದದ್ದಕ್ಕೂ ಹೌದು, ಅದಕ್ಕೆ ವಿರುದ್ಧವಾದದ್ದಕ್ಕೂ ಹೌದು. ಕೇಸು ಬಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, ಯಾಕಪ್ಪಾ ಹಾಗೆ ಹೇಳಿದ್ದು? ‘ಅಷ್ಟು ದೊಡ್ಡವರು ಕೇಳುವಾಗ ಇಲ್ಲ ಅಂತ ಹೇಳ್ಲಿಕ್ಕೆ ಹೇಗಾಗ್ತದೆ?’ ಅಂದ.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ 1981ರ ಒಂದು ಕೊಲೆ ಕೇಸಿನ ತೀರ್ಪಿನಲ್ಲಿ ಇದನ್ನೇ ಹೇಳಿದ್ದಾರೆ. ಜಡ್ಜ್ ಸುಮ್ಮನೆ ನೋಡುವವನೂ ಆಗಬಾರದು, ಬರೆದುಕೊಳ್ಳುವ ಯಂತ್ರವೂ ಆಗಬಾರದು. ಆದರೆ ಸಾಕ್ಷಿಯನ್ನು ಹೆದರಿಸಬಾರದು. ಆ ಕೇಸಿನ ಸೆಷನ್ಸ್ ಜಡ್ಜ್ ಸಾಕ್ಷಿಗಳಿಗೆ ಸುಳ್ಳುಸಾಕ್ಷಿಯ ಕೇಸು ಹಾಕುತ್ತೇನೆ ಅಂತ ಗದರಿಸಿದ್ದರು. ಡೀಡ್ ಗದರಿಸುವುದು ಬಲಿಷ್ಠರನ್ನು ಮಾತ್ರ. ಧಾರಾವಾಹಿಯ ಜಾಣತನ ಅದು. ಅಲ್ಲಿ ಯಾರು ಕಳ್ಳ ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ನಿಜವಾದ ಕೋರ್ಟಿನಲ್ಲಿ ಜಡ್ಜ್‌ಗೂ ಗೊತ್ತಿರುವುದಿಲ್ಲ.

ಈಗ ಡೀಡ್‌ನ ಶತ್ರುಗಳ ಕಡೆ ಬರೋಣ. ಇಲ್ಲಿ ಧಾರಾವಾಹಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಇಂಗ್ಲೆಂಡಿನಲ್ಲಿ ಹೈಕೋರ್ಟ್ ಜಡ್ಜ್‌ನನ್ನು ತೆಗೆಯಲು ಸಂಸತ್ತಿನ ಎರಡೂ ಸದನ ಕೇಳಿಕೊಳ್ಳಬೇಕು. 1701ರ ಕಾಯಿದೆ ಅದು. ಇಷ್ಟು ಶತಮಾನದಲ್ಲಿ ಹಾಗೆ ಹೋದವರು ಒಬ್ಬರೇ, 1830ರಲ್ಲಿ, ಐರ್ಲೆಂಡಿನ ಜೋನಾ ಬ್ಯಾರಿಂಗ್ಟನ್. ಹಾಗಾಗಿ ಡೀಡ್‌ನನ್ನು ಸಹಿಸದ, ಕೋರ್ಟುಗಳ ಆಡಳಿತ ನೋಡುವ ಲಾರ್ಡ್ ಚಾನ್ಸಲರ್ ಇಲಾಖೆಯವರು ಬೇರೆ ದಾರಿ ಹಿಡಿಯುತ್ತಾರೆ. ಯಾವ ಕೇಸು ಯಾರ ಮುಂದೆ ಬರಬೇಕು ಅನ್ನುವುದರಲ್ಲಿ ಕೈಯಾಡಿಸುತ್ತಾರೆ. ಅವನ ಖಾಸಗಿ ಬದುಕು ಕೆದಕುತ್ತಾರೆ. ಬಡ್ತಿಯ ಆಸೆ ತೋರಿಸುತ್ತಾರೆ. ನಗುತ್ತಾ, ಚಾ ಕುಡಿಯುತ್ತಾ ಮಾಡುವ ಒತ್ತಡ. ಕಚೇರಿಗಳನ್ನು ಹತ್ತಿರದಿಂದ ನೋಡಿದವರಿಗೆ ಈ ಭಾಗ ಚೆನ್ನಾಗಿ ಅರ್ಥವಾಗುತ್ತದೆ. ತಮಾಷೆ ಏನೆಂದರೆ ಧಾರಾವಾಹಿ ನಡೆಯುತ್ತಿದ್ದಾಗಲೇ, 2003ರಲ್ಲಿ, ಆ ಇಲಾಖೆಯನ್ನೇ ಮುಚ್ಚಿ ಬೇರೆ ಹೆಸರಿನಲ್ಲಿ ತೆರೆದರು.

ನಮ್ಮಲ್ಲಿ ಈ ನಾಟಕ ನಡೆದದ್ದು ಇಲ್ಲೇ, ಎಡನೀರಿನಿಂದ ಶುರುವಾಗಿ. ನೀವು ದಿನಾ ಬಸ್ಸಿನಲ್ಲಿ ದಾಟಿ ಹೋಗುವ ಎಡನೀರು. ಭೂಸುಧಾರಣೆಯಲ್ಲಿ ಮಠದ ಜಾಗ ಹೋಗುವಾಗ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದು ಬೆಳೆದು ಬೆಳೆದು, ಸಂವಿಧಾನವನ್ನು ಸಂಸತ್ತು ಎಷ್ಟು ತಿದ್ದಬಹುದು ಅನ್ನುವ ಪ್ರಶ್ನೆಯಾಯಿತು. ಹದಿಮೂರು ನ್ಯಾಯಮೂರ್ತಿಗಳು, 68 ದಿನ ವಾದ. 1973ರ ಏಪ್ರಿಲ್ 24ಕ್ಕೆ ಏಳು-ಆರರ ತೀರ್ಪು. ತಿದ್ದಬಹುದು, ಮೂಲ ಸ್ವರೂಪ ಕೆಡಿಸುವ ಹಾಗಿಲ್ಲ. ಜಾಗದ ಮಟ್ಟಿಗೆ ಸ್ವಾಮಿಗಳಿಗೆ ಸಿಕ್ಕಿದ್ದು ಏನೂ ಇಲ್ಲ. ಅದೇ ಸ್ವಾಮಿಗಳು ಹಾಡುಗಾರರು, ಯಕ್ಷಗಾನದಲ್ಲಿ ಭಾಗವತಿಕೆಯನ್ನೂ ಮಾಡುತ್ತಿದ್ದವರು. ಜಾಗಟೆಯ ಮಾತು ಬಂದದ್ದಕ್ಕೆ ನೆನಪಾಯಿತು.

ತೀರ್ಪು ಬಂದು ಎರಡು ದಿನದೊಳಗೆ ಸರ್ಕಾರ ತನಗೆ ವಿರುದ್ಧ ಬರೆದ ಮೂವರು ಹಿರಿಯರನ್ನು ದಾಟಿ ನಾಲ್ಕನೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರಲ್ಲಿ ಒಬ್ಬರು ಕೌಡೂರು ಸದಾನಂದ ಹೆಗ್ಡೆ. ಕಾರ್ಕಳದ ಕಡೆಯವರು. ಕಾಸರಗೋಡು ದಕ್ಷಿಣ ಕನ್ನಡದೊಳಗೇ ಇದ್ದ ಕಾಲದಲ್ಲಿ ಜಿಲ್ಲೆಯ ಸರಕಾರಿ ವಕೀಲರಾಗಿದ್ದವರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. ಇವರು ಯಾರೂ ಕೋರ್ಟಿನಲ್ಲಿ ಕೂಗಾಡಿದವರಲ್ಲ. ಓದಿದರೆ ನಿದ್ದೆ ಬರುವಷ್ಟು ಉದ್ದದ ತೀರ್ಪು ಬರೆದವರು. ಇದನ್ನು ಧಾರಾವಾಹಿ ಮಾಡುವುದು ಕಷ್ಟ. ಕ್ಯಾಮೆರಾಕ್ಕೆ ಬರೆಯುವ ಕೈ ಬೇಡ, ಸಿಡಿಯುವ ಬಾಯಿ ಬೇಕು.

ಸಿಡಿಯುವ ಬಾಯಿಯವರೂ ನಮಗೆ ದೂರದವರಲ್ಲ. ಇಲ್ಲಿಂದ ರೈಲು ಹತ್ತಿದರೆ ಎರಡು ಗಂಟೆಯೊಳಗೆ ತಲಶ್ಶೇರಿ. ಅಲ್ಲಿ ವಕೀಲಿಕೆ ಮಾಡುತ್ತಿದ್ದ ವಿ.ಆರ್. ಕೃಷ್ಣ ಅಯ್ಯರ್ 1957ರ ಕೇರಳದ ಇ.ಎಂ.ಎಸ್. ಸರ್ಕಾರದಲ್ಲಿ ಮಂತ್ರಿಯಾಗಿದ್ದರು. ಆಮೇಲೆ 1973ರಿಂದ 1980ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದರು. ಜೈಲಿನಿಂದ ಒಬ್ಬ ಕೈದಿ ಬರೆದ ಕಾಗದವನ್ನೇ ಅರ್ಜಿ ಅಂತ ತೆಗೆದುಕೊಂಡರು. ಸ್ಟಾಂಪು, ವಕಾಲತ್ತು ಏನೂ ಕೇಳಲಿಲ್ಲ. ಗುಮಾಸ್ತನಾದ ನನಗೆ ಇದು ಎಂಥ ಆಘಾತ ಅಂತ ನೀವೇ ಊಹಿಸಿ! ಒಂದು ಸ್ಟಾಂಪು ಕಡಿಮೆಯಾದರೆ ನಮ್ಮ ಅರ್ಜಿ ವಾಪಸ್ ಬರುತ್ತಿತ್ತು. ಆದರೆ ಅದೇ ಅಯ್ಯರ್ 1975ರ ಜೂನ್ 24ರಂದು ಹೈಕೋರ್ಟಿನಲ್ಲಿ ಚುನಾವಣೆ ರದ್ದಾದ ಇಂದಿರಾ ಗಾಂಧಿಯವರ ಅರ್ಜಿ ಬಂದಾಗ ಏನು ಮಾಡಿದರು? ಪೂರ್ತಿ ತಡೆಯಾಜ್ಞೆ ಕೊಡಲಿಲ್ಲ, ಇಳಿಯಿರಿ ಅಂತಲೂ ಹೇಳಲಿಲ್ಲ. ಪ್ರಧಾನಿಯಾಗಿ ಇರಬಹುದು, ಲೋಕಸಭೆಯಲ್ಲಿ ಮತ ಹಾಕುವ ಹಾಗಿಲ್ಲ. ಚೌಕಟ್ಟಿನ ಒಳಗಿನ ಆದೇಶ. ಮರುದಿನ ರಾತ್ರಿ ತುರ್ತುಪರಿಸ್ಥಿತಿ ಬಂತು. ಡೀಡ್ ಆಗಿದ್ದರೆ ಅಲ್ಲಿ ಒಂದು ಭಾಷಣ ಇರುತ್ತಿತ್ತು.

ಇಷ್ಟು ಹೊಗಳಿ, ಬೈದು, ಒಂದು ದೊಡ್ಡ ತಪ್ಪು ಹೇಳದೆ ಬಿಡಲಾರೆ. ಡೀಡ್‌ನ ಮುಂದೆ ಅವನ ಮಾಜಿ ಹೆಂಡತಿ ಬಂದು ವಾದ ಮಾಡುತ್ತಾಳೆ, ಪ್ರೇಯಸಿಯೂ ಮಾಡುತ್ತಾಳೆ. ಕೆಲವು ಸಲ ಒಂದೇ ಕೇಸಿನಲ್ಲಿ ಎದುರು ಬದುರು! ನಮ್ಮ ಹಳ್ಳಿ ಪಂಚಾಯಿತಿಕೆಯಲ್ಲೂ ಇದು ನಡೆಯದು. ಲಂಡನ್ನಿನಲ್ಲಿ 1998ರಲ್ಲಿ, ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಷೆ ಕೇಸಿನ ತೀರ್ಪನ್ನೇ ಅಲ್ಲಿನ ಅತಿ ಮೇಲಿನ ಕೋರ್ಟ್ ರದ್ದು ಮಾಡಿತು. ಕಾರಣ, ತೀರ್ಪು ಕೊಟ್ಟವರಲ್ಲಿ ಒಬ್ಬರಿಗೆ ಆ ಕೇಸಿನಲ್ಲಿ ಸೇರಿಕೊಂಡಿದ್ದ ಒಂದು ಸಂಸ್ಥೆಯ ಜತೆ ನಂಟು ಇತ್ತು. ಅವರು ದುಡ್ಡು ತಿಂದದ್ದಲ್ಲ, ಪಕ್ಷಪಾತ ಮಾಡಿದರು ಅಂತ ಯಾರೂ ರುಜು ಮಾಡಲೂ ಇಲ್ಲ. ನಂಟು ಇದ್ದದ್ದೇ ಸಾಕಾಯಿತು. ಅಂಥ ಊರಿನಲ್ಲಿ ಡೀಡ್‌ನ ಕೋರ್ಟ್ ಒಂದು ವಾರವೂ ನಡೆಯಲಾರದು. ಅಲ್ಲಿನ ವಕೀಲರು ಧಾರಾವಾಹಿ ನೋಡಿ ನಕ್ಕದ್ದು ಇದಕ್ಕೇ. ಲಸಿಕೆಯ ಬಗ್ಗೆ ಒಂದು ಕಥೆಯಲ್ಲಿ ಏಕಪಕ್ಷೀಯವಾಗಿ ತೋರಿಸಿದ್ದಾರೆ ಅಂತಲೂ ದೂರು ಬಂತು. ಆ ದೂರಿನಲ್ಲಿ ಹುರುಳಿದೆ. ಹೀರೋ ಆದ ಜಡ್ಜ್ ನಂಬಿದ್ದನ್ನು ನೋಡುವವರೂ ನಂಬುತ್ತಾರೆ, ಅಲ್ವಾ?

ಕಾಸರಗೋಡಿನಲ್ಲಿ ನಿಂತು ಜಡ್ಜ್ ಅಂದ ಮೇಲೆ ಇನ್ನೊಂದು ಹೆಸರು ನಿಮ್ಮ ಬಾಯಲ್ಲಿ ಕಾಯುತ್ತಿದೆ ಅಂತ ಗೊತ್ತು. ಮೆಹರ್ ಚಂದ್ ಮಹಾಜನ್. 1954ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ. 1967ರ ಆಗಸ್ಟಿನಲ್ಲಿ ಗಡಿ ತಕರಾರಿನ ವರದಿ ಕೊಟ್ಟು, ಚಂದ್ರಗಿರಿಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದರು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಆ ವರದಿ ಏನಾಯಿತು ಅಂತ ನಾನು ಹೇಳಬೇಕಾಗಿಲ್ಲ. ಜಡ್ಜ್ ಹೇಳುವುದು ಬೇರೆ, ಅಮೀನ ಬಂದು ಜಾರಿ ಮಾಡುವುದು ಬೇರೆ.

ಮಾತು ಮುಗಿಸಿ ಕೂತಾಗ ಹಿಂದಿನ ಸಾಲಿನಿಂದ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಎದ್ದು ನಿಂತಳು. ‘ಮಾವ, ಒಂದು ಗಂಟೆ ಮಾತಾಡಿದಿರಿ. ಜಡ್ಜ್ ಎಲ್ಲ ಗಂಡಸರೇ. ಹೆಂಗಸರು ಬಂದದ್ದು ಹೆಂಡತಿ, ಪ್ರೇಯಸಿ, ಅಜ್ಜಿ, ವಿಧವೆ. ಯಾಕೆ?’ ಅಂದಳು. ಸಭೆಯಲ್ಲಿ ಚಪ್ಪಾಳೆ. ನನಗೆ ನಿಜವಾಗಿ ನಾಚಿಕೆಯಾಯಿತು. ಕೇರಳದ ಅನ್ನಾ ಚಾಂಡಿ 1937ರಲ್ಲೇ ತಿರುವಾಂಕೂರಿನಲ್ಲಿ ಮುನ್ಸೀಫ್ ಆದವರು, 1959ರಲ್ಲಿ ಹೈಕೋರ್ಟಿಗೆ ಬಂದವರು. ಈ ದೇಶದಲ್ಲಿ ಹೈಕೋರ್ಟ್ ಜಡ್ಜ್ ಆದ ಮೊದಲ ಹೆಂಗಸು. ಸುಪ್ರೀಂ ಕೋರ್ಟಿನ ಮೊದಲ ಮಹಿಳೆ ಫಾತಿಮಾ ಬೀವಿ, 1989, ಅವರೂ ಕೇರಳದವರೇ. ಎರಡೂ ಹೆಸರು ನನ್ನ ಚೀಟಿಯಲ್ಲಿ ಇರಲಿಲ್ಲ. ಅದನ್ನೇ ಹೇಳಿದೆ. ಮುಂದಿನ ತಿಂಗಳು ಅನ್ನಾ ಚಾಂಡಿಯ ಬಗ್ಗೆ ನೀನೇ ಮಾತಾಡುತ್ತೀಯಾ ಅಂತ ಕೇಳಿದ್ದಕ್ಕೆ ಒಪ್ಪಿದ್ದಾಳೆ. ಎರಡನೇ ಶನಿವಾರ, ಸಂಜೆ ನಾಲ್ಕಕ್ಕೆ.